ನಾಯಿಗೆ ಚಿಗಟದ ಕಾಟ: ಮನೆಯಲ್ಲಿಯೇ ಮಾಡಬಹುದಾದ ಉಪಾಯಗಳು

ಮುಂಬಯಿಯಲ್ಲಿ ಮಳೆಗಾಲ ಹಿಡಿಯಿತೆಂದರೆ ಚಾಳುಗಳಲ್ಲಿ ಎರಡು ದೂರುಗಳು ತಪ್ಪಿದ್ದಲ್ಲ. ಒಂದು ಸೋರುವ ಛಾವಣಿಯದು, ಇನ್ನೊಂದು ಚಿಗಟದ್ದು. ಛಾವಣಿಯ ದೂರು ಮಾಲಿಕರಿಗೆ ಹೋಗುತ್ತದೆ. ಚಿಗಟದ ದೂರು ಮಾತ್ರ ಮೆಟ್ಟಿಲ ಬುಡದಲ್ಲಿ ಮಲಗುವ ನಾಯಿಯ ತಲೆಗೆ ಬರುತ್ತದೆ. ಮಕ್ಕಳು ಅನ್ನ ಹಾಕಿ ಬೆಳೆಸಿದ, ರಾತ್ರಿಪಾಳಿ ಮುಗಿಸಿ ಬರುವವರ ಹೆಜ್ಜೆಯ ಸಪ್ಪಳವನ್ನು ಗುರುತಿಸುವ ಆ ನಾಯಿಯನ್ನೇ ದೂರ ಒಯ್ದು ಬಿಟ್ಟು ಬರೋಣವೆಂದು ಕೆಲವರೆನ್ನುತ್ತಾರೆ; ವಿಷವಿಟ್ಟರಾಯಿತು ಎನ್ನುವವರೂ ಇಲ್ಲದಿಲ್ಲ. ನಾವು ಹೇಳಬೇಕೆಂದಿರುವುದು ಇಷ್ಟೇ: ನಾಯಿಯನ್ನು ಓಡಿಸಿದ ಮಾತ್ರಕ್ಕೆ ಚಿಗಟ ಹೋಗುವುದಿಲ್ಲ. ನಾಯಿ ಇಲ್ಲವಾದರೆ ಹಸಿದ ಚಿಗಟಗಳು ನಮ್ಮ ಕಾಲಿಗೇ ಹತ್ತುತ್ತವೆ. ಹೀಗೇಕೆಂಬುದನ್ನು ತಿಳಿದುಕೊಂಡರೆ ಹೆಚ್ಚು ಖರ್ಚಿಲ್ಲದೆ ನಾಯಿಯನ್ನೂ ಮನೆಯನ್ನೂ ಕಾಪಾಡಿಕೊಳ್ಳಬಹುದು.

ಚಿಗಟ ಯಾವುದು?

ನಾಯಿಯ ಮೈಮೇಲಿನ ಹುಳುಗಳೆಲ್ಲ ಚಿಗಟವಲ್ಲ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡು ರಕ್ತ ಕುಡಿದು ಹೆಸರುಕಾಳಿನಂತೆ ಊದಿಕೊಳ್ಳುವುದು ಉಣ್ಣೆ. ಅದಕ್ಕೆ ಎಂಟು ಕಾಲು, ಅದು ಹಾರುವುದಿಲ್ಲ. ಚಿಗಟಕ್ಕೆ ಆರು ಕಾಲು, ರೆಕ್ಕೆಯಿಲ್ಲ. ಕಂದುಬಣ್ಣದ ಮೈ ಎರಡು ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾಗಿರುವುದರಿಂದ ಕೂದಲ ನಡುವೆ ಸರಾಗವಾಗಿ ನುಸುಳುತ್ತದೆ. ಉದ್ದ ಎರಡು ಮೂರು ಮಿಲಿಮೀಟರ್ ಮಾತ್ರ. ಆದರೂ ಸುಮಾರು ಒಂದು ಗೇಣಿನೆತ್ತರ ನೆಗೆಯಬಲ್ಲದು. ನಾಯಿಯ ಮೈಮೇಲೆ ಸಾಮಾನ್ಯವಾಗಿ ಸಿಕ್ಕುವ ಚಿಗಟಗಳಲ್ಲಿ ಬೆಕ್ಕಿನ ಚಿಗಟವೆಂಬ ಜಾತಿಯೇ ಬಹಳ. ಆದ್ದರಿಂದ ಚಾಳಿನ ಬೆಕ್ಕುಗಳನ್ನೂ ಲೆಕ್ಕಕ್ಕೆ ಹಿಡಿಯದೆ ನಾಯಿಯೊಂದನ್ನೇ ದೂರುವುದು ನ್ಯಾಯವಲ್ಲ.

ಚಿಗಟವಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಒದ್ದೆ ಮಾಡಿದ ಬಿಳಿಯ ಕಾಗದದ ಮೇಲೆ ನಾಯಿಯನ್ನು ನಿಲ್ಲಿಸಿ ಬಾಲದ ಬುಡದ ಕೂದಲನ್ನು ಬಾಚಬೇಕು. ಕರಿಯ ಪುಡಿ ಬಿದ್ದು ಅದರ ಸುತ್ತ ಕೆಂಗಂದು ಕಲೆ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಎಂದರೆ ಜೀರ್ಣವಾದ ರಕ್ತ. ಕಲೆಯಾಗದಿದ್ದರೆ ಬರಿಯ ಧೂಳು.

ನೂರಕ್ಕೆ ತೊಂಬತ್ತೈದು ನೆಲದಲ್ಲಿ

ಲೆಕ್ಕ ಬರೆಯುವವರ ರೀತಿಯಲ್ಲಿ ನೋಡೋಣ. ಚಿಗಟ ಹತ್ತಿದ ಮನೆಯಲ್ಲಿ ಮೊಟ್ಟೆ, ಮರಿಹುಳು, ಗೂಡು, ಬೆಳೆದ ಚಿಗಟ ಎಲ್ಲ ಸೇರಿ ನೂರಿದ್ದರೆ ನಾಯಿಯ ಮೈಮೇಲೆ ಕಾಣುವವು ಸುಮಾರು ಐದು ಮಾತ್ರ. ಉಳಿದ ತೊಂಬತ್ತೈದು ಹಾಸಿಗೆ, ಗೋಣಿತಾಟು, ಕಲ್ಲಿನ ಸಂದು, ಮೂಲೆಯ ಧೂಳಿನಲ್ಲಿರುತ್ತವೆ. ಹೆಣ್ಣು ಚಿಗಟ ರಕ್ತ ಕುಡಿದ ಮೇಲೆ ದಿನಕ್ಕೆ 20ರಿಂದ 40ರವರೆಗೆ ಮೊಟ್ಟೆಯಿಡುತ್ತದೆ. ಕಡಮೆ ಲೆಕ್ಕವನ್ನೇ ಹಿಡಿದರೂ ಹತ್ತು ಹೆಣ್ಣು ಚಿಗಟಗಳಿಂದ ಒಂದು ವಾರಕ್ಕೆ 1,400 ಮೊಟ್ಟೆಗಳಾದವು. ಹೇನಿನ ಸೀರು ಕೂದಲಿಗೆ ಅಂಟಿಕೊಂಡಂತೆ ಈ ಮೊಟ್ಟೆ ಅಂಟುವುದಿಲ್ಲ. ನಾಯಿ ಮೈ ಕೊಡವಿದಲ್ಲಿ, ಮಲಗಿದಲ್ಲಿ ಉದುರುತ್ತದೆ.

ಕೆಲವು ದಿನಗಳಲ್ಲಿ ಮೊಟ್ಟೆಯೊಡೆದು ಬಿಳಿಯ ದಾರದ ತುಂಡಿನಂತಹ ಮರಿಹುಳು ಹೊರಬರುತ್ತದೆ. ಇದಕ್ಕೆ ಬೆಳಕು ಆಗದು. ಸಂದಿಗೊಂದಿಗಳಲ್ಲಿ ಅಡಗಿ, ಉದುರಿದ ಹಿಕ್ಕೆಯನ್ನು ತಿಂದು ಬೆಳೆಯುತ್ತದೆ. ಒಣಹವೆಯಲ್ಲಿಯೂ ಬಿಸಿಲಿನಲ್ಲಿಯೂ ಸಾಯುತ್ತದೆ, ತೇವದಲ್ಲಿ ಬದುಕುತ್ತದೆ. ಮುಂಬಯಿಯ ಮಳೆಗಾಲ ಅದಕ್ಕೆ ಹಬ್ಬವಾಗುವುದು ಈ ಕಾರಣದಿಂದಲೇ. ನಮ್ಮ ಅನೇಕ ಹಳೆಯ ಚಾಳುಗಳ ನೆಲಕ್ಕೆ ಹಾಸಿರುವ ಶಹಾಬಾದಿ ಫರಶಿ ಕಲಬುರಗಿ ಸೀಮೆಯಿಂದ ಬಂದ ಗಟ್ಟಿ ಕಲ್ಲು. ಕಲ್ಲಿಗೆ ದೋಷವಿಲ್ಲ, ಕಲ್ಲು ಕಲ್ಲಿನ ನಡುವಣ ಗಾರೆ ಕಿತ್ತುಹೋದ ಸಂದು ಮಾತ್ರ ಈ ಹುಳುವಿಗೆ ತೊಟ್ಟಿಲು.

ಬೆಳೆದ ಮರಿಹುಳು ಗೂಡು ಕಟ್ಟುತ್ತದೆ. ರಾಮನಗರ, ಕೊಳ್ಳೇಗಾಲದ ಕಡೆಯವರಿಗೆ ರೇಷ್ಮೆಗೂಡಿನ ಪರಿಚಯವುಂಟಷ್ಟೆ. ಇದೂ ಹಾಗೆಯೇ ನೂಲು ಸುತ್ತಿಕೊಂಡು ಒಳಗೆ ಕುಳಿತುಕೊಳ್ಳುತ್ತದೆ. ಅಂಟುನೂಲಿಗೆ ಧೂಳು ಮೆತ್ತಿಕೊಂಡು ಗೂಡು ಕಣ್ಣಿಗೇ ಬೀಳುವುದಿಲ್ಲ. ಔಷಧಿಯೂ ಒಳಕ್ಕೆ ಸುಲಭವಾಗಿ ತಾಗದು. ಹವೆ ಅನುಕೂಲವಾಗಿದ್ದರೆ ಮೊಟ್ಟೆಯಿಂದ ಚಿಗಟದವರೆಗೆ ಮೂರು ನಾಲ್ಕು ವಾರ ಸಾಕು. ಆಹಾರದ ಸುಳಿವಿಲ್ಲದಿದ್ದರೆ ತಿಂಗಳುಗಟ್ಟಲೆ ಗೂಡಿನೊಳಗೇ ಕಾದಿರುತ್ತದೆ. ಕಾಲಿನ ತುಳಿತ, ಮೈಯ ಶಾಖ, ಉಸಿರಿನ ಗಾಳಿ ಇವೇ ಅದಕ್ಕೆ ಕರೆ.

ರಜೆಯಲ್ಲಿ ಊರಿಗೆ ಹೋಗಿ ತಿಂಗಳಾದ ಮೇಲೆ ಬಂದು ಬೀಗ ತೆಗೆದೊಡನೆ ಮೊಣಕಾಲ ತನಕ ಚಿಗಟ ಮುತ್ತಿತೆಂದು ಕೆಲವರು ಬೆರಗಾಗುವುದುಂಟು. ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಹೋಗುವ ಮುನ್ನ ಖೋಲಿಯಲ್ಲಿ ನಾಯಿಯೋ ಬೆಕ್ಕೋ ಮಲಗಿತ್ತು, ಮೊಟ್ಟೆ ಉದುರಿತ್ತು. ಗೂಡಿನಲ್ಲಿ ಕಾದಿದ್ದವೆಲ್ಲ ನಮ್ಮ ಹೆಜ್ಜೆಯ ಸಪ್ಪಳಕ್ಕೆ ಒಮ್ಮೆಗೇ ಹೊರಬಿದ್ದವು. ನಾಯಿಯನ್ನು ಓಡಿಸಿದ ಚಾಳಿನಲ್ಲಿಯೂ ಆಗುವುದು ಇದೇ.

ಅಪಾಯ ಎಷ್ಟು?

ಚಿಗಟವೆಂದರೆ ಹಿರಿಯರಿಗೆ ಪ್ಲೇಗಿನ ನೆನಪು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರಿಗೂ ಮುಟ್ಟಿ ಮನೆಮನೆಗಳನ್ನು ಬರಿದು ಮಾಡಿತು. ಅದೇ 1898ರಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ ಅವರು ಇಲಿಯಿಂದ ಇಲಿಗೆ ಈ ರೋಗವನ್ನು ಒಯ್ಯುವುದು ಚಿಗಟವೇ ಎಂದು ಕಂಡುಹಿಡಿದರು. ಆದರೆ ಪ್ಲೇಗನ್ನು ಮುಖ್ಯವಾಗಿ ಹರಡುವುದು ಇಲಿಯ ಚಿಗಟ. ಅದು ಬೇರೆ ಜಾತಿ. ನಾಯಿಯ ಮೈಮೇಲೆ ಚಿಗಟ ಕಂಡೊಡನೆ ಹಾಗೆ ಹೆದರಬೇಕಾಗಿಲ್ಲ. ಕಾರಣವಿಲ್ಲದೆ ಇಲಿಗಳು ಸಾಲಾಗಿ ಸತ್ತು ಬಿದ್ದರೆ ಮಾತ್ರ ಮುಟ್ಟದೆ ನಗರಪಾಲಿಕೆಯವರಿಗೆ ತಿಳಿಸಬೇಕು.

ಹಾಗೆಂದು ನಾಯಿಯ ಚಿಗಟ ನಿರಪಾಯಕಾರಿಯೂ ಅಲ್ಲ. ಎಳೆಯ ಮರಿಗಳಿಗೆ ಬಹಳ ಹತ್ತಿದರೆ ರಕ್ತಹೀನತೆಯಿಂದ ಸಾಯುವುದುಂಟು. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲು ಒಗ್ಗದೆ ನಾಲ್ಕಾರು ಕಡಿತಕ್ಕೇ ಬೆನ್ನಿನ ಕೂದಲು ಉದುರಿ ಹುಣ್ಣಾಗುತ್ತದೆ. ಒಂದು ಬಗೆಯ ಲಾಡಿಹುಳು ಚಿಗಟದೊಳಗೆ ಬೆಳೆಯುತ್ತದೆ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟವನ್ನು ನುಂಗಿದರೆ ಹುಳು ಹೊಟ್ಟೆ ಸೇರುತ್ತದೆ. ನಾಯಿಯೊಡನೆ ಆಡಿದ ಮಗು ಅಕಸ್ಮಾತ್ತಾಗಿ ಚಿಗಟವನ್ನು ನುಂಗಿದರೆ ಮಗುವಿಗೂ ಬರಬಹುದು. ನಾಯಿಯ ಮಲದಲ್ಲಿ ಅಕ್ಕಿಕಾಳಿನಂತಹ ತುಂಡು ಕಂಡರೆ ಅದೇ ಗುರುತು.

ಮಾಡಬೇಕಾದ ಕೆಲಸಗಳು

1. ಬಾಚುವುದು. ಹೇನು ತೆಗೆಯುವ ಸೀರಣಿಗೆಯೇ ಸಾಕು. ನಾಯಿಗೆಂದು ಬೇರೆ ಇಟ್ಟಿರಬೇಕು. ಕುತ್ತಿಗೆ, ಬಾಲದ ಬುಡ, ಹೊಟ್ಟೆ, ತೊಡೆಸಂದು ಇವನ್ನು ದಿನಕ್ಕೊಮ್ಮೆ ಬಾಚಿ, ಪ್ರತಿ ಸಲವೂ ಸಾಬೂನು ಕದಡಿದ ನೀರಿನಲ್ಲಿ ಅದ್ದಬೇಕು. ಬರಿಯ ನೀರಿನಲ್ಲಿ ಚಿಗಟ ತೇಲಿ ಪಾರಾಗಬಹುದು, ಸಾಬೂನು ನೀರಿನಲ್ಲಿ ಮುಳುಗುತ್ತದೆ. ಮುಧೋಳದ ನಾಯಿಯಂತೆ ಗಿಡ್ಡ ಕೂದಲಿದ್ದರೆ ಈ ಕೆಲಸ ಐದು ನಿಮಿಷದ್ದು.

2. ಸ್ನಾನ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ನಾಯಿಗೆ ತಕ್ಕ ಸಾಬೂನು. ಮೊದಲು ಕುತ್ತಿಗೆಯ ಸುತ್ತ ದಟ್ಟವಾಗಿ ನೊರೆ ಕಟ್ಟಬೇಕು. ಇಲ್ಲವಾದರೆ ಮೈಯ ಚಿಗಟಗಳೆಲ್ಲ ಮುಖಕ್ಕೂ ಕಿವಿಗೂ ಓಡುತ್ತವೆ. ನೊರೆಯನ್ನು ಐದು ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಒರಸಬೇಕು. ಎಂಟು ವಾರದೊಳಗಿನ ಮರಿಗೆ ಸ್ನಾನ ಬೇಡ, ಬಾಚಿದರೆ ಸಾಕು.

3. ಹಾಸಿಗೆ. ಎಲ್ಲಕ್ಕಿಂತ ಮುಖ್ಯವಾದುದು ಇದೇ. ನಾಯಿ ಮನೆಯೆಲ್ಲ ಮಲಗದಂತೆ ಒಂದೇ ಸ್ಥಳ ಗೊತ್ತುಮಾಡಿ, ಹಳೆಯ ಸೀರೆಯನ್ನೋ ಚಾದರವನ್ನೋ ಹಾಸಬೇಕು. ವಾರಕ್ಕೊಮ್ಮೆ ಅದನ್ನು ಕೊಡವದೆ ಹಾಗೆಯೇ ಮಡಿಸಿ ಒಯ್ದು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ ಒಗೆಯಬೇಕು. ಕೊಡವಿದರೆ ಮೊಟ್ಟೆಗಳನ್ನು ನಾವೇ ಬಿತ್ತಿದಂತೆ. ನಮ್ಮ ಕೌದಿಯ ಮೇಲೆ ನಾಯಿಯನ್ನು ಮಲಗಿಸಿದರೆ ಕೌದಿಗೂ ಇದೇ ಗತಿ. ಪದರು ಪದರಾದ ಕೌದಿ ಒಣಗುವುದು ತಡ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಬಿಸಿಲು ಬಂದ ದಿನ ಎಲ್ಲವನ್ನೂ ಗ್ಯಾಲರಿಯ ಕಠಡೆಗೆ ಹರವಬೇಕು.

4. ನೆಲ. ದಿನವೂ ಮೂಲೆ, ಮಂಚದ ಅಡಿ, ಟ್ರಂಕಿನ ಹಿಂದೆ ಗುಡಿಸಿ, ಆ ಕಸವನ್ನು ಸಾಬೂನು ನೀರಿಗೆ ಹಾಕಬೇಕು. ಬಾಗಿಲಾಚೆ ತಳ್ಳಿದರೆ ಪ್ರಯೋಜನವಿಲ್ಲ. ಫರಶಿಯ ಸಂದುಗಳಿಗೆ ಸಿಮೆಂಟು ತುಂಬಿಸಿದರೆ ಒಂದು ಸಲದ ಖರ್ಚು, ಹಲವು ವರ್ಷದ ನೆಮ್ಮದಿ.

5. ದೀಪದ ಬಲೆ. ರಾತ್ರಿ ಅಗಲವಾದ ತಟ್ಟೆಯಲ್ಲಿ ಸಾಬೂನು ನೀರಿಟ್ಟು ಅದರ ಮೇಲೆ ಸಣ್ಣ ವಿದ್ಯುದ್ದೀಪವೊಂದನ್ನು ಉರಿಸಿಟ್ಟರೆ ಬೆಳಕಿಗೆ ನೆಗೆದ ಚಿಗಟಗಳು ಅದರಲ್ಲಿ ಬೀಳುತ್ತವೆ. ಇದರಿಂದ ಚಿಗಟ ಪೂರ್ತಿ ಹೋಗದು. ಆದರೆ ಕಾಟ ಇಳಿಯಿತೋ ಏರಿತೋ ಎಂಬುದರ ಲೆಕ್ಕ ಸಿಕ್ಕುತ್ತದೆ.

ಗೂಡಿನೊಳಗೆ ಕಾದಿರುವವು ಹೊರಬರುತ್ತಲೇ ಇರುವುದರಿಂದ ಈ ಕೆಲಸಗಳನ್ನು ಎರಡು ಮೂರು ತಿಂಗಳು ಬಿಡದೆ ನಡೆಸಬೇಕು. ಎರಡನೆಯ ವಾರದಲ್ಲಿ ಹೊಸ ಚಿಗಟ ಕಂಡಿತೆಂದು ಕೈಬಿಟ್ಟವರೇ ಹೆಚ್ಚು. ಅವು ಹಳೆಯ ಬಾಕಿ. ತೀರುವವರೆಗೆ ತಾಳ್ಮೆ ಬೇಕು.

ಬೇವು ಮತ್ತು ಇತರ ಮನೆಮದ್ದುಗಳು

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಕೀಟಗಳ ಮರಿಗಳು ಬೆಳೆಯದಂತೆ ತಡೆಯುತ್ತದೆ. ಇದು ಬೀಜದಲ್ಲಿ ಹೆಚ್ಚು, ಎಲೆಯಲ್ಲಿ ಕಡಮೆ. ಬೇವಿನೆಲೆ ಕುದಿಸಿ ಆರಿಸಿದ ನೀರನ್ನು ಸ್ನಾನದ ಕೊನೆಗೆ ಮೈಮೇಲೆ ಹಾಕಬಹುದು. ಸ್ವಲ್ಪ ಸಹಾಯವಾದೀತು, ಅದರಿಂದಲೇ ಎಲ್ಲ ಆಗದು. ಬೇವಿನ ಎಣ್ಣೆಯನ್ನು ಹಾಗೆಯೇ ಸವರಬಾರದು, ನಾಯಿ ನೆಕ್ಕುತ್ತದೆ. ಬೆಕ್ಕಿಗಂತೂ ಮುಟ್ಟಿಸಲೇಬಾರದು.

ಊರಿನಿಂದ ಬಂದ ಮದ್ದೆಲ್ಲ ಒಳ್ಳೆಯದೆಂಬ ನಂಬಿಕೆ ಅಪಾಯಕರ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ನಾಯಿಯನ್ನು ಕೊಲ್ಲಬಲ್ಲದು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೆ ಕೇಡು, ಹಚ್ಚುವವರಿಗೂ ತಪ್ಪಿದ್ದಲ್ಲ. ಬೆಳ್ಳುಳ್ಳಿ, ಈರುಳ್ಳಿ ತಿನ್ನಿಸಿದರೆ ಚಿಗಟ ಹೋಗುವುದೆಂಬ ಮಾತುಂಟು. ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಸೀಮೆಎಣ್ಣೆ, ಫಿನಾಯಿಲ್, ಕರ್ಪೂರ, ನುಸಿಗುಳಿಗೆ ಇವು ಯಾವುವೂ ನಾಯಿಯ ಮೈಗಲ್ಲ. ಹಿಂದೆ ಮನೆಮನೆಯಲ್ಲಿ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಹಳೆಯ ಡಬ್ಬಿ ಎಲ್ಲಾದರೂ ಉಳಿದಿದ್ದರೆ ಮುಟ್ಟದಿರುವುದೇ ಲೇಸು.

ವೈದ್ಯರ ಬಳಿಗೆ ಯಾವಾಗ?

ವಸಡು ಬಿಳಿಚಿಕೊಂಡ ಮರಿ, ಹುಣ್ಣಾದ ಮೈ, ಊಟ ಬಿಟ್ಟ ನಾಯಿ, ಮಲದಲ್ಲಿ ಹುಳು ಇವುಗಳಿಗೆ ಮನೆಮದ್ದು ಸಾಲದು. ಪರೇಲಿನಲ್ಲಿ 1886ರಲ್ಲಿ ಪ್ರಾರಂಭವಾದ ಪಶುವೈದ್ಯ ಕಾಲೇಜಿದೆ. ಅಲ್ಲಿಯೇ ಬಾಯಿ ಸಕರಬಾಯಿ ದಿನ್ಷಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಿದೆ. ವೈದ್ಯರು ನಾಯಿಯ ತೂಕ ನೋಡಿ ಔಷಧಿ ಕೊಡುತ್ತಾರೆ. ನಾಯಿಗೆ ಕೊಟ್ಟ ಔಷಧಿಯನ್ನು ಬೆಕ್ಕಿಗೆ ಹಾಕಬಾರದು. ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಕೊನೆಯದಾಗಿ ಒಂದು ಮಾತು. 1960ರ ಪ್ರಾಣಿ ಹಿಂಸಾ ನಿವಾರಣಾ ಕಾನೂನಿನಂತೆ ನಾಯಿಗೆ ವಿಷವಿಡುವುದೂ, ಸಾಕಿದ ಪ್ರಾಣಿಯನ್ನು ಹಸಿವಿನಿಂದ ನರಳುವಂತೆ ಬಿಟ್ಟುಬರುವುದೂ ಅಪರಾಧ. ಕಾನೂನನ್ನು ಬದಿಗಿಟ್ಟರೂ ಅದು ಲಾಭದ ಕೆಲಸವಲ್ಲವೆಂಬುದು ಮೇಲಿನ ಲೆಕ್ಕದಿಂದ ತಿಳಿದೀತು. ಒಂದು ಖೋಲಿಯವರು ಶುಚಿ ಮಾಡಿ ಪಕ್ಕದ ನಾಲ್ಕು ಖೋಲಿಯವರು ಸುಮ್ಮನಿದ್ದರೂ ಕೆಲಸವಾಗದು. ಒಂದು ಭಾನುವಾರ ಇಡೀ ಮಾಳಿಗೆಯವರು ಕೂಡಿ ಗ್ಯಾಲರಿ, ಮೆಟ್ಟಿಲು, ಮೋರಿಗಳನ್ನು ತೊಳೆದು, ಮೆಟ್ಟಿಲ ಬುಡದ ನಾಯಿಗೆ ಒಂದು ಸ್ನಾನ ಮಾಡಿಸಿ, ಅದರ ಹಳೆಯ ಗೋಣಿತಾಟನ್ನು ತೆಗೆದುಹಾಕಿ ಒಗೆದ ಬಟ್ಟೆ ಹಾಸಲಿ. ನಾಲ್ಕು ಬಕೆಟ್ ನೀರು, ಒಂದು ಸಾಬೂನು, ಒಂದು ಸೀರಣಿಗೆ ಇಷ್ಟೇ ಇದಕ್ಕೆ ಬೇಕಾದ ಬಂಡವಾಳ.