ಉಪ್ಪುಂಡು ಬದುಕುವ ಹುಲ್ಲು

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಉಪ್ಪುಂಡು, ಬುಡದಲ್ಲಿ ನೀರಿದ್ದೂ ಕುಡಿಯಲಾರದೆ ಒಣಗುವ ಜೀವವೊಂದುಂಟು. ಅದು ಶೀತದೇಶಗಳ ರಸ್ತೆಯಂಚಿನ ಹುಲ್ಲು.

ನಮ್ಮವರ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕ, ಕೆನಡಾ ದೇಶಗಳಲ್ಲಿ ನೆಲಸಿದ್ದಾರೆ. ಅಲ್ಲಿ ಮನೆಯ ಮುಂದಿನ ಹುಲ್ಲುಹಾಸೆಂದರೆ ನಮ್ಮ ಸಾರಿಸಿದ ಅಂಗಳವಿದ್ದಂತೆ. ಅದು ಹಸಿರಾಗಿರುವುದು ಮನೆಯವರ ಮರ್ಯಾದೆಯ ಮಾತು. ಚಳಿಗಾಲ ಕಳೆದು ಹಿಮ ಕರಗಿದಾಗ ನೋಡಿದರೆ, ಎಷ್ಟೋ ಕಡೆ ರಸ್ತೆಗೆ ಹತ್ತಿದ ಪಟ್ಟಿ ಮಾತ್ರ ಸುಟ್ಟಂತೆ ಕಂದಿರುತ್ತದೆ. ಇದು ಬಹುಮಟ್ಟಿಗೆ ಉಪ್ಪಿನ ಕೆಲಸ.

ರಸ್ತೆಗೆ ಉಪ್ಪೇಕೆ? ಬರಿಯ ನೀರು 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟಿದರೆ, ಉಪ್ಪು ಬೆರೆತ ನೀರು ಇನ್ನೂ ಹೆಚ್ಚಿನ ಚಳಿಯಲ್ಲಿಯೂ ನೀರಾಗಿಯೇ ಉಳಿಯುತ್ತದೆ. ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗಿನವರೆಗೆ ಕಲ್ಲುಪ್ಪು ಚೆನ್ನಾಗಿ ಹಿಮವನ್ನು ಕರಗಿಸಬಲ್ಲದು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದವರು 1938ರಲ್ಲಿ ಇದನ್ನು ಪ್ರಯೋಗವಾಗಿ ಆರಂಭಿಸಿದರು. ಇಂದು ಆ ದೇಶವೊಂದರಲ್ಲಿಯೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ರಸ್ತೆಗೆ ಬೀಳುತ್ತದೆ. ಗಾಡಿಗಳು ಜಾರದೆ ಎಷ್ಟೋ ಪ್ರಾಣಗಳು ಉಳಿಯುವುದರಿಂದ, ಇದನ್ನು ಬಿಟ್ಟುಬಿಡಿರೆಂದು ಹೇಳುವುದು ಸುಲಭವಲ್ಲ.

ಹುಲ್ಲಿಗೆ ಇದರಿಂದಾಗುವ ಬಾಧೆ ಮೂರು ಬಗೆಯದು. ಉಪ್ಪು ಬೆರೆಸಿಟ್ಟ ಮಾವಿನ ಹೋಳು ನೀರು ಬಿಡುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಅದರಂತೆಯೇ ಉಪ್ಪಾದ ಮಣ್ಣು ನೀರನ್ನು ತಾನೇ ಹಿಡಿದಿಟ್ಟು, ಬೇರಿಗೆ ಬಿಟ್ಟುಕೊಡದು. ಎರಡನೆಯದಾಗಿ, ಬೇರಿನ ಮೂಲಕ ಒಳಹೊಕ್ಕ ಸೋಡಿಯಂ ಮತ್ತು ಕ್ಲೋರೈಡು ಎಲೆಯಲ್ಲಿ ಶೇಖರವಾಗಿ ತುದಿಯಿಂದ ಸುಡುತ್ತ ಬರುತ್ತವೆ. ಮೂರನೆಯದಾಗಿ, ಸೋಡಿಯಂ ಮಣ್ಣಿನ ಕ್ಯಾಲ್ಸಿಯಮ್ಮನ್ನು ಹೊರದೂಡುತ್ತದೆ. ಆಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತವೆ. ನೆಲ ಗಾರೆಯಂತಾಗಿ ನೀರೂ ಗಾಳಿಯೂ ಇಳಿಯವು.

ಇಷ್ಟಾದರೂ ಕೆಲವು ಹುಲ್ಲುಗಳು ಬದುಕುತ್ತವೆ. ಕೆಲವು ಬೇರಿನ ಬಾಗಿಲಲ್ಲಿಯೇ ಸೋಡಿಯಮ್ಮನ್ನು ತಡೆದು, ತಮಗೆ ಬೇಕಾದ ಪೊಟ್ಯಾಸಿಯಮ್ಮನ್ನು ಆರಿಸಿ ಒಳಬಿಡುತ್ತವೆ. ಕೆಲವು ಒಳಬಂದ ಉಪ್ಪನ್ನು ಜೀವಕೋಶದ ನಡುವಣ ಚೀಲದಲ್ಲಿ ಕೂಡಿಹಾಕಿ, ಕೋಶದ ಉಳಿದ ಭಾಗದಲ್ಲಿ ಪ್ರೋಲೀನ್ ಮೊದಲಾದ ನಿರಪಾಯ ವಸ್ತುಗಳನ್ನು ತಯಾರಿಸಿಕೊಂಡು ನೀರನ್ನು ಹಿಡಿದಿಡುತ್ತವೆ. ಇನ್ನು ಕೆಲವಕ್ಕೆ ಎಲೆಯ ಮೇಲೆಯೇ ಉಪ್ಪನ್ನು ಹೊರಹಾಕುವ ಸೂಕ್ಷ್ಮಗ್ರಂಥಿಗಳುಂಟು. ನಾವು ಗಣಪತಿಗೆ ಏರಿಸುವ ಗರಿಕೆ ಈ ಕೊನೆಯ ಪಂಗಡದ್ದು! ಆದರೆ ಉತ್ತರದ ಕಡುಚಳಿಯನ್ನು ಅದು ತಾಳದಾದುದರಿಂದ ಅಲ್ಲಿನವರಿಗೆ ಅದರಿಂದ ಪ್ರಯೋಜನವಿಲ್ಲ.

ಚಳಿನಾಡಿನ ಹುಲ್ಲುಗಳಲ್ಲಿ ಕೆಂಟಕಿ ಬ್ಲೂಗ್ರಾಸ್ ಬಹಳ ಜನಪ್ರಿಯವಾದುದು. ಆದರೆ ಈ ಸುಂದರಿ ಉಪ್ಪಿಗೆ ಬಲು ಅಂಜುವವಳು. ರೈಗ್ರಾಸ್, ಟಾಲ್ ಫೆಸ್ಕ್ಯೂಗಳದು ಮಧ್ಯಮ ಸಹನೆ. ತೆಳುವಾಗಿ ಹಬ್ಬುವ ಕೆಂಪು ಫೆಸ್ಕ್ಯೂ ಇನ್ನೂ ಗಟ್ಟಿ. ಎಲ್ಲಕ್ಕಿಂತ ಮೇಲಾದುದು ಆಲ್ಕಲಿ ಗ್ರಾಸ್ ಎಂಬ, ಸಸ್ಯಶಾಸ್ತ್ರಜ್ಞರು ಪುಕ್ಸಿನೆಲಿಯ ಡಿಸ್ಟನ್ಸ್ ಎಂದು ಕರೆಯುವ ಹುಲ್ಲು. ಇದರ ಕಥೆ ಸ್ವಾರಸ್ಯವಾದುದು. ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಕಡಲಂಚಿನ ಉಪ್ಪುನೆಲದಲ್ಲಿದ್ದ ಇದು, 1970ರ ದಶಕದಿಂದೀಚೆಗೆ ಹೆದ್ದಾರಿಗಳ ಅಂಚು ಹಿಡಿದು ಒಳನಾಡಿಗೆ ನಡೆದುಬಂದಿತು. ಉಪ್ಪಿನಿಂದ ಬೇರೆ ಹುಲ್ಲುಗಳು ಸತ್ತು ತೆರವಾದ ನೆಲ ಇದಕ್ಕೆ ತವರಿನಂತೆಯೇ ಕಂಡಿತು. ಊರು ಬಿಟ್ಟು ಬಂದ ನಮಗೆ ಇದರ ಬಾಳು ಅರ್ಥವಾಗದೆ?

ಮಿನೆಸೋಟಾ ವಿಶ್ವವಿದ್ಯಾಲಯದವರು ರಸ್ತೆಬದಿಯಲ್ಲಿಯೇ ಹುಲ್ಲುಗಳನ್ನು ಬೆಳೆಸಿ ಪರೀಕ್ಷಿಸಿ, ಒಂದೇ ಜಾತಿಯನ್ನು ನಂಬದೆ ಹಲವು ಬೀಜಗಳನ್ನು ಬೆರೆಸಿ ಬಿತ್ತುವ ಮಾರ್ಗವನ್ನು ತೋರಿಸಿದ್ದಾರೆ. ಮನೆಯವರು ಮಾಡಬಹುದಾದ ಕೆಲಸವೂ ಉಂಟು. ಉಪ್ಪು ಬೆರೆತ ಹಿಮವನ್ನು ಹುಲ್ಲಿನ ಮೇಲೆ ರಾಶಿ ಹಾಕಬಾರದು. ವಸಂತ ಬಂದೊಡನೆ, ನೀರು ಬಸಿಯುವ ನೆಲವಾದರೆ, ಧಾರಾಳವಾಗಿ ನೀರುಣಿಸಿ ಉಪ್ಪನ್ನು ತೊಳೆಯಬೇಕು. ಮಣ್ಣಿನಲ್ಲಿ ಸೋಡಿಯಂ ಸೇರಿದ್ದರೆ ಜಿಪ್ಸಂ ಹಾಕಿ, ಬಳಿಕ ನೀರು ಹಾಯಿಸಬೇಕು. ನಮ್ಮ ಉತ್ತರ ಕನ್ನಡದ ರೈತರಿಗೆ ಈ ತತ್ತ್ವ ಹೊಸದಲ್ಲ. ಅಘನಾಶಿನಿಯ ಗಜನಿ ಗದ್ದೆಗಳ ಉಪ್ಪನ್ನು ಮುಂಗಾರು ಮಳೆ ತೊಳೆದ ಮೇಲೆಯೇ ಅವರು ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಭತ್ತವೂ ಹುಲ್ಲಿನ ಕುಲದ್ದೇ ಅಲ್ಲವೆ?

ಆದರೆ ಅಲ್ಲಿ ಉಪ್ಪು ಬಂದ ಕಡಲಿಗೇ ಮರಳುತ್ತದೆ. ಶೀತದೇಶದ ಒಳನಾಡಿನಲ್ಲಿ ತೊಳೆದ ಉಪ್ಪು ಕೆರೆ ಬಾವಿಗಳನ್ನು ಸೇರುತ್ತದೆ. ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ಸಿಹಿನೀರನ್ನು ಜಲಚರಗಳಿಗೆ ಹಾನಿಯಾಗುವಷ್ಟು ಕೆಡಿಸಬಲ್ಲದು. ಅದನ್ನು ಮತ್ತೆ ಬೇರ್ಪಡಿಸುವುದು ಬಹಳ ದುಬಾರಿ. ಆದ್ದರಿಂದ ಸಹನೆಯುಳ್ಳ ಹುಲ್ಲು ಸಿಕ್ಕಿತೆಂದು ಉಪ್ಪನ್ನು ಧಾರಾಳವಾಗಿ ಚೆಲ್ಲುವುದು ವಿವೇಕವಲ್ಲ. ಮೊದಲು ಹಿಮವನ್ನು ಸಲಿಕೆಯಿಂದ ಎತ್ತಿಹಾಕಿ, ಉಳಿದುದಕ್ಕೆ ಬೇಕಾದಷ್ಟೇ ಉಪ್ಪು ಹಾಕಿ, ಹೆಚ್ಚಾದುದನ್ನು ಗುಡಿಸಿ ತೆಗೆದಿಡಿರೆಂದು ಅಲ್ಲಿರುವ ಮಕ್ಕಳಿಗೆ ನಾವು ತಿಳಿಸೋಣ. ಅಡಿಗೆಯಲ್ಲಿ ಕಲಿತ ಹದ ರಸ್ತೆಗೂ ಸಲ್ಲುತ್ತದೆ.