ಮಧುಮೇಹಿಗಳಲ್ಲಿ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ

ಮಧುಮೇಹವುಳ್ಳ ವಯಸ್ಕರು ಪ್ರತಿವರ್ಷ ಫ್ಲೂ ಲಸಿಕೆಯನ್ನೂ, ವೈದ್ಯರು ಸೂಚಿಸಿದ ಕ್ರಮದಲ್ಲಿ ನ್ಯೂಮೊಕಾಕಸ್ ಲಸಿಕೆಯನ್ನೂ ಪಡೆಯಬೇಕೆಂದು ಹಲವು ದೇಶಗಳ ಆರೋಗ್ಯ ಇಲಾಖೆಗಳು ಸಲಹೆ ನೀಡುತ್ತವೆ. ಭಾರತದ ಮಧುಮೇಹ ತಜ್ಞರ ಸಂಘಟನೆಯಾದ ಆರ್‌ಎಸ್‌ಎಸ್‌ಡಿಐ ಕೂಡ ಮಧುಮೇಹಿಗಳಿಗೆ ಲಸಿಕೆಗಳನ್ನು ಶಿಫಾರಸು ಮಾಡಿದೆ. ಆದರೆ ಈ ಲಸಿಕೆಗಳನ್ನು ಪಡೆದವರ ಪ್ರಮಾಣ ಶ್ರೀಮಂತ ದೇಶಗಳಲ್ಲಿಯೂ ನಿರೀಕ್ಷೆಗಿಂತ ಕಡಿಮೆ; ಭಾರತದಲ್ಲಿ ಅತ್ಯಲ್ಪ.

ಅಪಾಯದ ಹಿನ್ನೆಲೆ

ರಕ್ತದಲ್ಲಿ ಸಕ್ಕರೆಯ ಅಂಶ ದೀರ್ಘಕಾಲ ಹೆಚ್ಚಿದ್ದಾಗ ಸೋಂಕಿನ ಸ್ಥಳಕ್ಕೆ ಧಾವಿಸಿ ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳ ಸಾಮರ್ಥ್ಯ ಕುಗ್ಗುತ್ತದೆ. ಇದರ ವಿಲೋಮವೂ ಸತ್ಯ. ಜ್ವರ ಬಂದಾಗ ದೇಹವು ಕಾರ್ಟಿಸೋಲ್, ಅಡ್ರಿನಲಿನ್ ಮುಂತಾದ ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸುವುದರಿಂದ ಸಕ್ಕರೆ ಏರುತ್ತದೆ; ಇನ್ಸುಲಿನ್ ಅವಲಂಬಿತರಲ್ಲಿ ಇದು ಕೀಟೋಆಸಿಡೋಸಿಸ್ ಎಂಬ ಮಾರಕ ಸ್ಥಿತಿಗೂ ಒಯ್ಯಬಹುದು. ಹೀಗೆ ಒಂದು ಮತ್ತೊಂದನ್ನು ಉಲ್ಬಣಿಸುತ್ತದೆ.

ಫ್ಲೂ ವೈರಸ್ ಶ್ವಾಸನಾಳದ ಒಳಪೊರೆಯನ್ನು ಹಾಳುಗೆಡವಿದ ಮೇಲೆ ನ್ಯೂಮೊಕಾಕಸ್ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿಯುವುದು ಸುಲಭ. 1918ರ ಮಹಾಮಾರಿಯಲ್ಲಿ ಮಡಿದವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಇಂಥ ಎರಡನೆಯ ಸೋಂಕು ಎಂದು ನಂತರದ ಅಧ್ಯಯನಗಳು ತಿಳಿಸುತ್ತವೆ. ಎರಡು ಲಸಿಕೆಗಳನ್ನು ಒಟ್ಟಾಗಿ ಪ್ರಸ್ತಾಪಿಸಲು ಇದೇ ಕಾರಣ.

ಲಸಿಕೆಗಳು

ಫ್ಲೂ ವೈರಸ್ ನಿರಂತರವಾಗಿ ರೂಪ ಬದಲಿಸುವುದರಿಂದ ಲಸಿಕೆಯನ್ನು ಪ್ರತಿವರ್ಷ ಪಡೆಯಬೇಕು. ಅದರಲ್ಲಿರಬೇಕಾದ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿಯೂ ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರ್‌ನಲ್ಲಿಯೂ ಸೂಚಿಸುತ್ತದೆ. ಭಾರತ ಭೂಗೋಳದ ಪ್ರಕಾರ ಉತ್ತರದ್ದಾದರೂ, ಕರ್ನಾಟಕವೂ ಸೇರಿದಂತೆ ದೇಶದ ಹೆಚ್ಚಿನ ಭಾಗದಲ್ಲಿ ಫ್ಲೂ ಮಳೆಗಾಲದಲ್ಲಿ ಹೆಚ್ಚುತ್ತದೆ. ಆದ್ದರಿಂದ ಮುಂಗಾರಿಗೆ ಮುನ್ನ, ಏಪ್ರಿಲ್–ಮೇ ತಿಂಗಳಲ್ಲಿ ಲಸಿಕೆ ಪಡೆಯುವುದು ಇಲ್ಲಿಗೆ ಹೊಂದುತ್ತದೆ.

ನ್ಯೂಮೊಕಾಕಸ್ ಲಸಿಕೆಗಳಲ್ಲಿ ಎರಡು ಬಗೆ. ಪಿಪಿಎಸ್‌ವಿ-23 ಬ್ಯಾಕ್ಟೀರಿಯಾದ 23 ಉಪವಿಧಗಳ ಹೊರಕವಚದ ಸಕ್ಕರೆಗಳಿಂದ ಮಾಡಿದ್ದು. ಇದರ ರಕ್ಷಣೆ ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ. ಕಾಂಜುಗೇಟ್ ಲಸಿಕೆಗಳಲ್ಲಿ ಆ ಸಕ್ಕರೆಯನ್ನು ಪ್ರೋಟೀನ್ ಒಂದಕ್ಕೆ ಬೆಸೆದಿರುವುದರಿಂದ ರೋಗನಿರೋಧಕ ವ್ಯವಸ್ಥೆ ಅದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಇವು ಫ್ಲೂ ಲಸಿಕೆಯಂತೆ ವಾರ್ಷಿಕವಲ್ಲ.

ಪಡೆಯುವವರ ಪ್ರಮಾಣ

ಬ್ರಿಟನ್ನಿನಲ್ಲಿ ಮಧುಮೇಹಿಗಳಿಗೆ ಫ್ಲೂ ಲಸಿಕೆ ಉಚಿತ. ಪ್ರತಿ ಶರತ್ಕಾಲದಲ್ಲಿ ಅವರನ್ನು ಆಹ್ವಾನಿಸಲಾಗುತ್ತದೆ. ಹಾಗಿದ್ದರೂ 2023–24ರಲ್ಲಿ ಇಂಗ್ಲೆಂಡಿನಲ್ಲಿ 65 ವರ್ಷ ಮೇಲ್ಪಟ್ಟವರಲ್ಲಿ ಶೇ. 75ಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದರೆ, ಮಧುಮೇಹಿಗಳೂ ಒಳಗೊಂಡ ಕಿರಿಯ ವಯಸ್ಸಿನ ಅಪಾಯ ಗುಂಪಿನಲ್ಲಿ ಆ ಪ್ರಮಾಣ ಶೇ. 40ರ ಆಸುಪಾಸಿನಲ್ಲಿತ್ತು. ಬೆಲೆಯೊಂದೇ ಅಡ್ಡಿಯಲ್ಲ ಎಂಬುದು ಇದರಿಂದ ಸ್ಪಷ್ಟ. ನಲವತ್ತರ ಮಧುಮೇಹಿ ತಾನು ಅಪಾಯದಲ್ಲಿದ್ದೇನೆಂದು ಭಾವಿಸುವುದು ವಿರಳ.

ಭಾರತದಲ್ಲಿ 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಮಧುಮೇಹಿಗಳ ಸಂಖ್ಯೆ 10.1 ಕೋಟಿ. 2017–18ರ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆಯಾದ ಲಾಸಿಯಲ್ಲಿ 45 ವರ್ಷ ಮೇಲ್ಪಟ್ಟವರ ಪೈಕಿ ಫ್ಲೂ ಲಸಿಕೆ ಪಡೆದವರು ಶೇ. 2ಕ್ಕಿಂತಲೂ ಕಡಿಮೆ, ನ್ಯೂಮೊಕಾಕಸ್ ಲಸಿಕೆ ಪಡೆದವರು ಅದಕ್ಕಿಂತಲೂ ಕಡಿಮೆ. 2017ರಲ್ಲಿ ಆರಂಭವಾಗಿ 2021ರಲ್ಲಿ ದೇಶಾದ್ಯಂತ ವಿಸ್ತರಿಸಿದ ಸರ್ಕಾರಿ ನ್ಯೂಮೊಕಾಕಸ್ ಲಸಿಕೆ ಶಿಶುಗಳಿಗೆ ಮೀಸಲು. ವಯಸ್ಕರು ಸಾಮಾನ್ಯವಾಗಿ ಖಾಸಗಿಯಾಗಿ, ಸ್ವಂತ ಖರ್ಚಿನಲ್ಲಿ ಪಡೆಯಬೇಕು.

ಅಡ್ಡಿಗಳು

ಲಸಿಕೆ ಎಂದರೆ ಮಕ್ಕಳದು ಎಂಬ ಭಾವನೆ ಬಲವಾಗಿದೆ. ಮಗುವಿಗೆ ತಾಯಿ ಕಾರ್ಡ್ ಇದೆ, ಮನೆಗೆ ಬಂದು ನೆನಪಿಸುವ ಆಶಾ ಕಾರ್ಯಕರ್ತೆ ಇದ್ದಾರೆ. ಐವತ್ತರ ಮಧುಮೇಹಿಗೆ ಅಂಥ ವ್ಯವಸ್ಥೆಯಿಲ್ಲ. ವೈದ್ಯರ ಭೇಟಿಯ ಅಲ್ಪ ಸಮಯ ಸಕ್ಕರೆಯ ವರದಿ, ಮಾತ್ರೆ, ಕಾಲಿನ ಹುಣ್ಣುಗಳಲ್ಲಿಯೇ ಮುಗಿಯುತ್ತದೆ. ವೈದ್ಯರೇ ಸಲಹೆ ಮಾಡಿದರೆ ರೋಗಿ ಲಸಿಕೆ ಪಡೆಯುವ ಸಾಧ್ಯತೆ ಹೆಚ್ಚೆಂಬುದು ವಿವಿಧ ದೇಶಗಳ ಅಧ್ಯಯನಗಳಲ್ಲಿ ಮರಳಿ ಮರಳಿ ಕಂಡುಬಂದಿರುವುದರಿಂದ, ಇದನ್ನು ರೋಗಿಯ ನಿರಾಕರಣೆ ಎನ್ನುವುದಕ್ಕಿಂತ ಯಾರೂ ಹೇಳದಿರುವ ಸಮಸ್ಯೆ ಎನ್ನುವುದೇ ಹೆಚ್ಚು ಸರಿ.

ಲಸಿಕೆಯಿಂದಲೇ ಫ್ಲೂ ಬರುತ್ತದೆ ಎಂಬ ನಂಬಿಕೆಯೂ ಇದೆ. ಚುಚ್ಚುಮದ್ದಿನ ರೂಪದ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರದ ಕಾರಣ ಅದು ಅಸಾಧ್ಯ. ತೋಳುನೋವು, ಒಂದೆರಡು ದಿನದ ಮೈಕೈ ನೋವು ಅಥವಾ ಲಘು ಜ್ವರ ಸಾಮಾನ್ಯ. ಆ ದಿನಗಳಲ್ಲಿ ಸಕ್ಕರೆ ಸ್ವಲ್ಪ ಏರಬಹುದಾದ್ದರಿಂದ ಮನೆಯಲ್ಲಿ ಗ್ಲೂಕೋಮೀಟರ್ ಇದ್ದವರು ಪರೀಕ್ಷಿಸಿಕೊಳ್ಳುವುದು ಒಳಿತು.