ಇಸ್ಫಹಾನಿನ ಮಹಾಚತ್ವರ

ಅಂಗಣ, ಚತ್ವರ ಎಂಬೆರಡು ಶಬ್ದಗಳನ್ನು ಅಮರಕೋಶವು ಪರ್ಯಾಯಪದಗಳಾಗಿ ಹೇಳಿರುವುದು. ಮನೆಗೆ ಅಂಗಳವು ಹೇಗೋ ಪಟ್ಟಣಕ್ಕೆ ಚೌಕವು ಹಾಗೆ. ನಾವು ನಿತ್ಯವೂ ಆಡುವ ‘ಮೈದಾನ’ವೆಂಬ ಮಾತು ನಮಗೆ ಪಾರಸೀಕರ ನುಡಿಯಿಂದ ಬಂದುದು. ಬಯಲಿಗೆ ಅವರು ಎಂತಹ ಗೌರವವನ್ನಿತ್ತರೆಂಬುದನ್ನು ಇರಾನ್ ದೇಶದ ಇಸ್ಫಹಾನ್ ನಗರದಲ್ಲಿ ಕಾಣಬಹುದು.

ಸಫವೀ ವಂಶದ ಒಂದನೆಯ ಶಾ ಅಬ್ಬಾಸನು ೧೫೯೮ರಲ್ಲಿ ಇಸ್ಫಹಾನನ್ನು ರಾಜಧಾನಿಯನ್ನಾಗಿ ಮಾಡಿಕೊಂಡು, ಅದರ ನಡುವೆ ‘ನಕ್ಷೆ ಜಹಾನ್’, ಎಂದರೆ ‘ಜಗಚ್ಚಿತ್ರ’ವೆಂಬ ಚೌಕವನ್ನು ರಚಿಸಿದನು. ಅದರ ಉದ್ದ ೫೬೦ ಮೀಟರು, ಅಗಲ ೧೬೦ ಮೀಟರು. ಎಂದರೆ ಸುಮಾರು ೨೨ ಎಕರೆ. ಸುತ್ತಲೂ ಎರಡಂತಸ್ತಿನ ಕಮಾನುಸಾಲು, ಅದರೊಳಗೆ ಅಂಗಡಿಗಳು.

ಪಶ್ಚಿಮಕ್ಕೆ ಆಲಿ ಕಾಪು ಎಂಬ ಅರಮನೆಯ ಹೆಬ್ಬಾಗಿಲು. ೧೮ ಮರದ ಕಂಬಗಳುಳ್ಳ ಅದರ ಮೊಗಸಾಲೆಯಲ್ಲಿ ಕುಳಿತು ದೊರೆಯು ಚೌಕದ ವಿನೋದಗಳನ್ನು ನೋಡುತ್ತಿದ್ದನು. ಅದಕ್ಕೆ ಇದಿರಾಗಿ ಪೂರ್ವದಲ್ಲಿ ಮಿನಾರಾಗಲಿ ಅಂಗಳವಾಗಲಿ ಇಲ್ಲದ ಶೇಖ್ ಲುತ್ಫುಲ್ಲಾ ಮಸೀದಿ. ಉತ್ತರದಲ್ಲಿ ಬಜಾರಿನ ಮಹಾದ್ವಾರ. ದಕ್ಷಿಣದಲ್ಲಿ ೧೬೧೧ರಲ್ಲಿ ಆರಂಭವಾದ ಶಾಹೀ ಮಸೀದಿ. ಇಲ್ಲಿ ಶಿಲ್ಪಿಗಳ ಜಾಣ್ಮೆಯನ್ನು ಮೆಚ್ಚಬೇಕು. ಬಾಗಿಲು ಚೌಕಕ್ಕೆ ನೇರವಾಗಿರಬೇಕು; ಪ್ರಾರ್ಥನೆಯಾದರೋ ಮೆಕ್ಕಾ ದಿಕ್ಕಿಗೇ ನಡೆಯಬೇಕು. ಆದುದರಿಂದ ಬಾಗಿಲನ್ನು ಚೌಕದ ಸಾಲಿನಲ್ಲಿಯೇ ನಿಲ್ಲಿಸಿ, ಒಳಗಣ ಕಟ್ಟಡವನ್ನು ಸುಮಾರು ೪೫ ಅಂಶಗಳಷ್ಟು ತಿರುಗಿಸಿದರು. ಹೀಗೆ ಚೌಕದ ಅಂದವೂ ಉಳಿಯಿತು, ಧರ್ಮದ ವಿಧಿಯೂ ನಡೆಯಿತು.

ಅರಸು, ದೇವರು, ವ್ಯಾಪಾರ ಇವು ಅಂಚಿನಲ್ಲಿ ನಿಂತುವು. ನಡುವಣ ನೆಲವು ಬಯಲಾಗಿಯೇ ಉಳಿಯಿತು. ಅಲ್ಲಿ ಸಂತೆ ನೆರೆಯುತ್ತಿತ್ತು, ಸೈನ್ಯವು ಸಾಲುಗೂಡುತ್ತಿತ್ತು, ಕುದುರೆಯೇರಿ ಪೋಲೋ ಆಡುತ್ತಿದ್ದರು. ಆ ಆಟದ ಕಲ್ಲುಗಂಬಗಳು ಇಂದಿಗೂ ಇವೆ. ನಡುವೆ ಈಗ ಕೊಳ ಮತ್ತು ಹಸುರು ಹಾಸು. ೧೭೨೨ರಲ್ಲಿ ನಗರವು ಅಫಘಾನರ ವಶವಾಯಿತು, ಸಫವೀ ವೈಭವವು ಅಳಿಯಿತು, ಚೌಕವು ಅಳಿಯಲಿಲ್ಲ. ೧೯೭೯ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮುಂದೆ ಸಮೀಪದಲ್ಲಿ ಎತ್ತರದ ಕಟ್ಟಡವೊಂದೆದ್ದು ಚೌಕದ ನೋಟಕ್ಕೆ ಅಡ್ಡಬಂದಾಗ, ಆ ಸಂಸ್ಥೆಯ ಆಕ್ಷೇಪದಿಂದ ಅದರ ಮೇಲಂತಸ್ತುಗಳನ್ನು ತೆಗೆಯಬೇಕಾಯಿತು.

ಬರಿಯ ಬಯಲನ್ನು ಕಂಡೊಡನೆ ಅದು ವ್ಯರ್ಥವಾಗಿ ಬಿದ್ದಿದೆಯೆಂದು ಬಗೆದು ಏನನ್ನಾದರೂ ಕಟ್ಟಿಬಿಡುವ ಆತುರವು ನಮ್ಮ ಊರುಗಳಲ್ಲಿ ಹೆಚ್ಚುತ್ತಿದೆ. ಮಕ್ಕಳಿಗೆ ಆಡಲು, ಹಿರಿಯರಿಗೆ ಕೂಡಲು ನಾಲ್ಕು ಗಜ ನೆಲ ಉಳಿಯದಾಗಿದೆ. ಎಲ್ಲ ಅಧಿಕಾರವೂ ಕೈಯಲ್ಲಿದ್ದ ದೊರೆಯೇ ಇಪ್ಪತ್ತೆರಡು ಎಕರೆಯನ್ನು ತೆರವಾಗಿ ಬಿಟ್ಟನು. ಮನೆ ಕಟ್ಟಿಸುವ ಗೃಹಸ್ಥರೂ ಊರನ್ನು ಆಳುವ ಪುರಸಭೆಯವರೂ ಇದನ್ನು ಮನನ ಮಾಡಲೆಂದು ನಾವು ಬಯಸುತ್ತೇವೆ.